ತುಕ್ಕು ಹಿಡಿದ ಜೇಕು

ಕೊಪ್ಪ
೨-೮-೧೯೭೬

ಹಲಗೂರಿನ ಅಕ್ಕ ಅಂಕಮ್ಮನಿಗೆ ತಮ್ಮ ಸಿದ್ದರಾಮುವಿನ ನಮಸ್ಕಾರ.

ಯುಗಾದಿಗೆ ಬಂದು ಹೋದವಳಿಗೆ ಈಗ ಬರೆಯುತ್ತಿದ್ದೇನೆ. ಕಾರ್ಡು ತಂದರೂ ಭಾವ ಓದುತ್ತಾರೆಂದು ಬರೆಯದೆ ಬಿಟ್ಟೆ. ಇದು ಕವರು, ನೀನೇ ಒಡೆದು ಓದು. ಅಪ್ಪ ಚೆನ್ನಾಗಿದ್ದಾನೆ. ಕೆಂದ ಹಸು ಕರು ಹಾಕಿದೆ. ನಾಟಿ ಮುಗಿಯಿತು.

ಗದ್ದೆಯಲ್ಲಿ ಮತ್ತೆ ಜೇಕಿನ ಕಳೆ ಎದ್ದಿದೆ. ಮದ್ದೂರಿನ ಅಫ್ಸರ್ ಪಾಷಾನನ್ನು ಪಂಪಿನ ಸಮೇತ ಕರೆಸಿ ಕಳೆಗೆ ವಿಷ ಹೊಡೆಸುತ್ತೇನೆ ಎಂದು ಅಪ್ಪ ಹೊರಟ. ಅಡ್ಡ ನಿಂತೆ. ಆ ನೀರು ದನ ಕುಡಿಯುತ್ತದೆ. ನೆಲ್ಲನ್ನು ಮುಟ್ಟದೆ ಜೇಕನ್ನೇ ತಿನ್ನುವ ಬೂಷ್ಟು ಇದೆ ಎಂದೆ.

"ಎಲ್ಲದೆ ತೋರ್ಸ್ಲಾ, ನೋಡವ. ಗೌರಿ ಹಬ್ಬದವರ್ಗೂ ಕಾಯ್ತೀನಿ, ಆಮೇಲೆ ಪಾಷಾ ಬತ್ತಾನೆ" ಎಂದ ಅಪ್ಪ.

ತೋರಿಸಲು ಏನಿದೆ ಅಕ್ಕ? ಇದ್ದದ್ದು ಹಿತ್ತಲ ಕುಂಡದಲ್ಲಿ. ಆ ಬೂಷ್ಟು ಹಿಡಿದು ಎಲೆಯ ಮೇಲೆ ತುಕ್ಕಿನಂಥ ಪುಡಿ ಕಟ್ಟಿದ ಜೇಕನ್ನು ಹೋದ ಬೆಳೆಯಲ್ಲಿ ತಂದು ನೆಟ್ಟು ಸಾಕಿದ್ದೆ. ಆ ರೋಗ ಬದುಕಿರುವ ಎಲೆಯ ಮೇಲಷ್ಟೇ ಉಳಿಯುತ್ತದೆಂದು ಕೃಷಿ ಇಲಾಖೆಯ ಕೈಹೊತ್ತಿಗೆಯಲ್ಲಿತ್ತು. ನೀನು ಬಂದವಳೇ, "ಗಂಡಸ್ರ ಮನೆ ನೋಡು, ಕುಂಡ್ದಲ್ಲೂ ಕಳೆ" ಎಂದು ನಕ್ಕು, ಕಿತ್ತು ಒಲೆಗೆ ಹಾಕಿ ಮಲ್ಲಿಗೆ ನೆಟ್ಟೆ.

ಭಾವನ ಎದುರೇ ನಾನು ಕಿರುಚಿದೆ: "ಕಂಡೋರ ಗದ್ದೇಲಿ ಕಳೆ ಕಿತ್ತ ಕೈ! ಇನ್ನೇನ್ ಬತ್ತದೆ ನಿಂಗೆ?" ನೀನು ಹಬ್ಬದೂಟದ ಎಲೆಯ ಮುಂದೆ ಕೂರದೆ ಬಸ್ಸು ಹತ್ತಿದೆ. ನೀನು ಕಳೆ ಕಿತ್ತು ತಂದ ಆ ಕೂಲಿಯಲ್ಲೇ ನನಗೆ ಸ್ಲೇಟು ಬಂದದ್ದು.

ಆದರೂ ಹಟ ಬಿಟ್ಟಿಲ್ಲ. ಹೆಂಗಸರು ಕೆಸರಲ್ಲಿ ಸೊಂಟ ಮುರಿದುಕೊಳ್ಳಬಾರದು, ನೆಲಕ್ಕೆ ವಿಷವೂ ಬೀಳಬಾರದು. ಇದನ್ನು ಕೇಳುವವರು ಇಲ್ಲಿ ಯಾರೂ ಇಲ್ಲ. ಬದುವಿನ ಮೇಲೆ ಕೂತು ಒಂದೊಂದೇ ಎಲೆ ತಿರುವಿ ನೋಡುತ್ತೇನೆ, ಎಲ್ಲ ಹಸಿರು. ದಾರಿಯಲ್ಲಿ ಹೋಗುವ ಕರಿಯಯ್ಯ, "ಜೇಕಿನ ನಾಡಿ ಹಿಡೀತಾವ್ನೆ ನೋಡ್ಲಾ" ಎಂದು ಜೊತೆಯವರನ್ನು ನಗಿಸುತ್ತಾನೆ.

ನಿಮ್ಮ ಕೆರೆ ಹಿಂದಿನ ಗದ್ದೆಯಲ್ಲಿ ತುಕ್ಕು ಹಿಡಿದ ಜೇಕು ಕಂಡರೆ ಕೀಳಬೇಡ. ಒಂದು ಮಾತು ತಿಳಿಸು, ಓಡಿ ಬರುತ್ತೇನೆ. ಕಾಣದಿದ್ದರೂ ತಿಳಿಸು. ಹಬ್ಬಕ್ಕೆ ನಿನ್ನನ್ನು ಕರೆತರಬೇಕು.

ಮಕ್ಕಳು ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ.

ನಿನ್ನ ತಮ್ಮ
ಸಿದ್ದರಾಮು

ಮರೆತೆ: ಅವ್ವ ಹೋದ ಮೇಲೆ ನಮ್ಮ ಮಲ್ಲಿಗೆ ಬಳ್ಳಿ ಒಣಗಿತ್ತಲ್ಲ, ನೀನು ಕುಂಡದಲ್ಲಿ ನೆಟ್ಟದ್ದು, ನಿನ್ನ ಮದುವೆಯಲ್ಲಿ ಅವ್ವ ಅದರಿಂದಲೇ ಕೊಟ್ಟು ಹಲಗೂರಿನಲ್ಲಿ ನೀನು ಬೆಳೆಸಿದ ಬಳ್ಳಿಯ ಕಡ್ಡಿಯೆಂದು ಅಪ್ಪ ಮೊನ್ನೆ ಹೇಳಿದ. ಈಗ ಹೂ ಬಿಡುತ್ತಿದೆ. ಅಪ್ಪ ಬಿಡಿಸಿ ತಂದು, ಅವ್ವನ ಬಾಚಣಿಗೆ ಇರುವ ಗೂಡಿನಲ್ಲಿಟ್ಟು ಗದ್ದೆಗೆ ಹೋಗುತ್ತಾನೆ. ಸಂಜೆ ನಾನೇ ಬಾಡಿದ್ದನ್ನು ತೆಗೆಯುತ್ತೇನೆ. ಈ ಮನೆಯಲ್ಲಿ ಮುಡಿಯುವವರಿಲ್ಲ ಅಕ್ಕ.