ಹಾವಸೆ ಹಸಿರಾದ ದಿನ

ಫೆಬ್ರವರಿ ಮೂವತ್ತು, ೨೨೦೬
ವಿಜಯಪುರ

ವಿಜ್ಞಾನದ ಪದವಿ ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿರುವ ನಿಮಗೆ,

ಈ ತಾರೀಖು ನಿಮ್ಮ ಕಾಲದ ಕ್ಯಾಲೆಂಡರಿನಲ್ಲಿ ಇರಲಾರದು. ನಾವು ಎಲ್ಲ ತಿಂಗಳುಗಳನ್ನೂ ಹೆಚ್ಚುಕಡಿಮೆ ಸಮ ಮಾಡಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನನ್ನ ಹೆಸರು ನೀಲಾಂಬಿಕೆ ಹಂಚಿನಾಳ. ಹಳೆಯ ಕಲ್ಲುಗೋಡೆಗಳಿಗೆ ಅಂಟಿ ಬೆಳೆಯುವ ಹಾವಸೆಯ ಬಗ್ಗೆ ಓದಿ ಪದವಿ ಪಡೆದವಳು.

ನಮ್ಮ ಕಾಲದಲ್ಲಿ ಸಂಶೋಧನೆ ನಡೆಯುವುದು ಮೌನಶಾಲೆಗಳಲ್ಲಿ. ಯಂತ್ರಗಳೇ ಪ್ರಯೋಗ ಮಾಡಿ, ಅವೇ ಫಲಿತಾಂಶ ಬರೆದಿಡುವ ಪ್ರಯೋಗಾಲಯಗಳಿಗೆ ಜನ ಇಟ್ಟ ಹೆಸರು ಅದು. ಒಂದೊಂದು ಶಾಲೆಗೆ ಒಬ್ಬರೇ ಮನುಷ್ಯರು, ಅವರನ್ನು ‘ನೋಡುಗರು’ ಎನ್ನುತ್ತೇವೆ. ಆ ಒಂದು ಹುದ್ದೆಗೆ ಸಾವಿರಾರು ಪದವೀಧರರು. ಬೀದರಿಗೆ ಹೋದೆ, ಕಾರವಾರಕ್ಕೆ ಹೋದೆ. ರಾಯಚೂರಿನ ಸಂದರ್ಶನದಲ್ಲಿ ಹಿರಿಯರೊಬ್ಬರು ಕನಿಕರದಿಂದಲೇ ಕೇಳಿದರು: “ಓದು ಚಲೋ ಐತಿ ತಂಗಿ. ಆದ್ರ ಹಾವಸಿ ಬಗ್ಗೆ ಕೇಳಾಕ ಇನ್ನೇನ್ ಉಳದೈತಿ, ಹೇಳು?” ಪದವಿಪತ್ರ ಮಡಚಿಕೊಂಡು ಎದ್ದು ಬಂದೆ.

ಮನೆಗೆ ಬಂದಾಗ ಅವ್ವ ನೆರಳುಬಟ್ಟೆ ಹೊಲಿಯುತ್ತಿದ್ದಳು. ಬೇಸಿಗೆಯಲ್ಲಿ ನಮ್ಮ ಬೀದಿಗಳ ಮೇಲೆಲ್ಲ ಕಟ್ಟುವ ದಪ್ಪ ಬಟ್ಟೆ ಅದು. ಅದಿಲ್ಲದೆ ಹಗಲು ಯಾರೂ ಹೊರಗೆ ಕಾಲಿಡುವಂತಿಲ್ಲ. ಅವ್ವ ತಲೆ ಎತ್ತಲಿಲ್ಲ. “ಆಗಲಿಲ್ಲೇನು? ಬಾ, ಈ ಅಂಚು ಹಿಡಿ” ಎಂದಳು. ಹಿಡಿದೆ. ವರ್ಷಗಳೇ ಹಿಡಿದೆ. ಜೊತೆಗೆ ಓದಿದ ಮೆಹರುನ್ನಿಸಾ ಆಸೆ ಬಿಟ್ಟು ಬೇರೆ ಊರು ಸೇರಿದಳು. ಮೊದಮೊದಲು ಕರೆ ಮಾಡುತ್ತಿದ್ದಳು. ಹಾವಸೆಯ ಮಾತೆತ್ತಿದರೆ ಇಬ್ಬರಿಗೂ ನೋವಾಗುತ್ತಿತ್ತು, ಬರಬರುತ್ತ ಕರೆಯೂ ನಿಂತಿತು.

ಕೊನೆಗೆ ನಮ್ಮೂರಿನ ಮೌನಶಾಲೆಯ ನೋಡುಗರು ನಿವೃತ್ತರಾದರು, ಆ ಜಾಗ ನನಗೆ ಸಿಕ್ಕಿತು. ಅವ್ವ ಓಣಿಗೆಲ್ಲ ಗೋಧಿ ಹುಗ್ಗಿ ಹಂಚಿದಳು. ಮೊದಲ ದಿನ ಒಳಗೆ ಹೋದವಳು ಸುಮ್ಮನೆ ಇನ್ನೊಂದು ಕುರ್ಚಿಗಾಗಿ ಹುಡುಕಿದೆ. ಇರಲಿಲ್ಲ.

ಇವತ್ತು ಬೆಳಿಗ್ಗೆ, ನಾನು ಹುಟ್ಟುವ ಮೊದಲೇ ಒಣಗಿಸಿಟ್ಟಿದ್ದ ಹಾವಸೆಯ ಚೂರಿಗೆ ಹನಿ ನೀರು ಬಿಟ್ಟೆ. ತುದಿ ಹಸಿರಾಗಬೇಕಿತ್ತು. ಬುಡ ಹಸಿರಾಯಿತು. ನಾನು ಓದಿದ್ದರಲ್ಲೆಲ್ಲೂ ಹಾಗಿಲ್ಲ. ಹಾವಸೆಯ ಬಗ್ಗೆ ಕೇಳುವುದಕ್ಕೆ ಇನ್ನೂ ಉಳಿದಿತ್ತು! ಯಂತ್ರ ‘ನಿರೀಕ್ಷಿತವಲ್ಲ’ ಎಂದು ಬರೆದುಕೊಂಡು ಮುಂದಿನ ತಟ್ಟೆಗೆ ಹೋಯಿತು. ನಾನು ಮೈಮರೆತು ಕೂಗಿದೆ: “ಯಾರರೆ ಬರ್ರಿ, ಇಲ್ಲಿ ನೋಡ್ರಿ!” ಬಾಗಿಲಾಚೆಯ ಉದ್ದನೆಯ ಪಡಸಾಲೆಯಲ್ಲಿ ನನ್ನ ದನಿಯೇ ಹೋಗಿ ಬಂತು.

ಅವ್ವನಿಗೆ ಕರೆ ಮಾಡಿದೆ. “ಹಸಿರಾತಾ? ಚಲೋ ಆತವ್ವ. ಉಂಡೀ?” ಎಂದಳು. ಉಂಡೆ ಎಂದು ಸುಳ್ಳು ಹೇಳಿದೆ. ಮೆಹರುನ್ನಿಸಾಳ ಸಂಖ್ಯೆ ಬದಲಾಗಿತ್ತು. ಆಮೇಲೆ ಈ ಪತ್ರ ಬರೆಯಲು ಕುಳಿತೆ, ಬುಡ ಹಸಿರಾದದ್ದು ಎಷ್ಟು ದೊಡ್ಡ ಸಂಗತಿಯೆಂದು ನಿಮಗಾದರೂ ಅರ್ಥವಾದೀತೆಂದು.

ನಿಮಗೆ ಕೆಲಸ ಸಿಗಲಿ. ಸಿಕ್ಕಮೇಲೆ, ಪಕ್ಕದ ಮೇಜಿನಿಂದ ಯಾರಾದರೂ ಕರೆದರೆ, ಎಷ್ಟೇ ಅವಸರವಿರಲಿ, ಎದ್ದು ಹೋಗಿ ನೋಡಿ.

ನಿಮ್ಮ,
ನೀಲಾಂಬಿಕೆ