ಸೀಟು ತಗ್ಗಿಸುವ ಕಂಬಿ

ಪುಟ್ಟೀ,

ಕೆಲಸಕ್ಕೆ ಹೊರಟೆ. ಊಟ ಬಿಸಿ ಮಾಡಿಕೋ, ಭುಜದ ವ್ಯಾಯಾಮ ತಪ್ಪಿಸಬೇಡ.

ಸೈಕಲ್ಲಿಗೆ ಡ್ರಾಪರ್ ಸೀಟ್‌ಪೋಸ್ಟ್ ಬೇಕು ಅಂದಾಗಲೇ ನನಗೆ ಗುಮಾನಿ ಬಂತು. "ಸಿಗ್ನಲ್ಲಲ್ಲಿ ಕಾಲೂರೋಕೆ ಸುಲಭ ಅಕ್ಕಾ" ಅಂತ ಕಿವಿಗೆ ಹೂವಿಟ್ಟೆಯಲ್ಲ, ನಿನ್ನೆ ಸೈಕಲ್ ಅಂಗಡಿಯವರನ್ನೇ ಕೇಳಿದೆ. "ಕಡಿದಾದ ಇಳಿಜಾರಲ್ಲಿ ಗುಂಡಿ ಒತ್ತಿ ಸೀಟು ತಗ್ಗಿಸೋಕೆ ಮೇಡಂ. ಸೀಟು ಎತ್ತರ ಇದ್ರೆ ಮುಂದಕ್ಕೆ ಮುಗ್ಗರಿಸ್ತಾರೆ" ಅಂದರು. ಅಂದರೆ, ಭುಜ ಮುರಿದುಕೊಂಡ ಆ ಗುಡ್ಡಕ್ಕೇ ಮತ್ತೆ! ಆಗಲೇ ಹೋಗಿಬಂದೆಯೋ ಏನೋ. ನಿನ್ನ ಶೂಗೆ ಕೆಂಪು ಮಣ್ಣು ಮೆತ್ತಿದೆ. ನಮ್ಮ ಬೀದಿಯಲ್ಲಿ ಕೆಂಪು ಮಣ್ಣೆಲ್ಲಿದೆ?

ಬೇಡ ಅಂದರೆ ಎತ್ತರದ ಸೀಟಿನಲ್ಲೇ ಕದ್ದು ಹೋಗುತ್ತೀಯ. ಅದಕ್ಕೇ ಆ ಡ್ರಾಪರ್ ಕಂಬಿ ಹಾಕಿಕೊಡಲು ಅಂಗಡಿಯವರಿಗೆ ಹೇಳಿಬಂದಿದ್ದೇನೆ. ಸಂಜೆ ಸೈಕಲ್ಲನ್ನು ಅಂಗಡಿಗೆ ಒಯ್ಯಿ. ಗುಡ್ಡಕ್ಕೆ ಹೋಗುವ ದಿನ ಮಾತ್ರ ನನಗೆ ಹೇಳಿ ಹೋಗು. ಆಸ್ಪತ್ರೆಯವರ ಬಾಯಿಂದ ಇನ್ನೊಮ್ಮೆ ಸುದ್ದಿ ಕೇಳಲಾರೆ.

ಅಕ್ಕ