ಅರ್ಧಕ್ಕೆ ಇಳಿಸಿದ ನೀರು

ಹಾಸ್ಟೆಲ್, ರೂಮ್ ನಂಬರ್ ಹದಿನಾಲ್ಕು
ಮಾರ್ಚ್ 9, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಪತ್ರ ಬರೆಯುತ್ತಿದ್ದೇನೆ, ಮೊದಲು ಅದಕ್ಕೆ ಸಾರಿ. ಫೋನ್ ಮಾಡಿದರೆ ನೀನು ಸ್ಪೀಕರ್ ಆನ್ ಮಾಡುತ್ತೀಯ, ಅಮ್ಮ, ಭಾವ, ನಿನ್ನ ಮಗಳು ಗುಬ್ಬಿ ಎಲ್ಲರೂ ಸುತ್ತ ಕೂರುತ್ತಾರೆ, ನಾನು ಎಲ್ಲ ಚೆನ್ನಾಗಿದೆ ಅಂದು ಇಟ್ಟುಬಿಡುತ್ತೇನೆ. ಮೂರು ಸಲ ಹಾಗೇ ಆಯಿತು. ಇದನ್ನು ನೀನೊಬ್ಬಳೇ ಓದು. ಒಲೆಯ ಮೇಲೆ ಗುಬ್ಬಿಯ ನೀರು ಕುದಿಯುತ್ತಿದ್ದರೆ ಮೊದಲು ಆಫ್ ಮಾಡಿ ಬಾ.

ರಜೆ ಮುಗಿಸಿ ಬರುವಾಗ ಎಲ್ಲರೂ ಮನೆಯ ಕುಡಿಯುವ ನೀರು ತರಬೇಕು ಅಂತ ಕೆಮಿಸ್ಟ್ರಿ ಮೇಡಂ ಹೇಳಿದ್ದರು. ನಾನು ಎರಡು ಬಾಟಲಿ ತಂದೆ. ಒಂದು ನಮ್ಮ ಬೋರ್‌ವೆಲ್ಲಿನದು, ಇನ್ನೊಂದು ನೀನು ಗುಬ್ಬಿಗೆಂದು ಕಾಯಿಸಿ ಅರ್ಧಕ್ಕೆ ಇಳಿಸಿಡುವುದು. ಎರಡನೆಯದು ಬರೀ ಶೋ ಆಫ್‌ಗೆ, ನಮ್ಮ ಮನೆಯವರು ಎಷ್ಟು ಹುಷಾರು ಅಂತ ತೋರಿಸಲು. ಲ್ಯಾಬಲ್ಲಿ ಟೆಸ್ಟ್ ಮಾಡಿದೆವು. ಹಲ್ಲಿಗೆ ಕಲೆ ತರುವ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಬೋರ್‌ವೆಲ್ಲಿನದು ಮೂರು ಬಂತು. ಗುಬ್ಬಿಯದು ಆರು.

ಲೇಬಲ್ ಅದಲುಬದಲಾಗಿದೆ ಮೇಡಂ ಅಂದೆ. ಇನ್ನೊಮ್ಮೆ ಮಾಡು ಅಂದರು. ಮತ್ತೆ ಆರು. ಕುದಿಸಿದ್ರೆ ಹಾರಿಹೋಗೋದು ನೀರು ಕಣಮ್ಮ, ಫ್ಲೋರೈಡ್ ಪಾತ್ರೇಲೇ ಕೂತಿರುತ್ತೆ, ಉಪ್ಪುನೀರು ಬತ್ತಿದ್ರೆ ಇನ್ನೂ ಉಪ್ಪಾಗಲ್ವಾ ಅಂದರು. ನನ್ನ ಕೈಯಲ್ಲಿದ್ದ ಬೀಕರ್ ಅವರೇ ಇಸಿದುಕೊಂಡರು.

ಅರ್ಧಕ್ಕೆ ಇಳಿಸು ಅಕ್ಕಾ, ಹಲ್ಲಿಗೆ ಕಲೆ ಬರಲ್ಲ, ನಮ್ಮ ಸೈನ್ಸ್ ಟೀಚರೇ ಹೇಳಿದ್ದು ಅಂತ ನಿನಗೆ ಹೇಳಿದವಳು ನಾನು, ಗುಬ್ಬಿ ಇನ್ನೂ ನಿನ್ನ ಹೊಟ್ಟೆಯಲ್ಲಿದ್ದಾಗ. ಬೈಂಡಿಂಗ್ ಪ್ರೆಸ್ಸಿಗೆ ಹೊರಡುವ ಗಡಿಬಿಡಿಯಲ್ಲೂ ದಿನಾ ನೀನು ಆ ಪಾತ್ರೆಗೆ ಕಾವಲು ನಿಂತದ್ದು ನನ್ನ ಮಾತು ನಂಬಿ. ಹೋದ ಸಲವೂ ಅವಳ ಬಾಯಿ ತೆರೆಸಿ, ನೋಡೇ, ಅಕ್ಕಿಕಾಳು ಇದ್ದ ಹಾಗಿದೆ, ನಿನ್ನ ಟ್ರಿಕ್ ವರ್ಕ್ ಆಯ್ತು ಅಂತ ತೋರಿಸಿದೆ. ಅಕ್ಕಾ, ಅವು ಹಾಲುಹಲ್ಲು. ಕೊನೆಯವರೆಗೆ ಉಳಿಯುವ ಹಲ್ಲುಗಳು ಈಗ ಒಸಡಿನೊಳಗೆ ತಯಾರಾಗುತ್ತಿವೆ, ಇನ್ನೂ ಮೂರು ನಾಲ್ಕು ವರ್ಷ ಆಗುತ್ತಲೇ ಇರುತ್ತವೆ. ಆಮೇಲೆ ಎಷ್ಟು ಉಜ್ಜಿದರೂ ಕಲೆ ಹೋಗುವುದಿಲ್ಲ. ಇಲ್ಲಿಗೆ ಬಂದ ಮೊದಲ ವಾರ ನನ್ನ ಹಲ್ಲಿನ ಕಲೆ ನೋಡಿ ರೂಮ್‌ಮೇಟ್ ನನಗೆ ಹೊಸ ಬ್ರಷ್ ಗಿಫ್ಟ್ ಕೊಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದು ಥ್ಯಾಂಕ್ಸ್ ಹೇಳಿದೆ. ಗುಬ್ಬಿ ಹಾಗೆ ಕೈ ಅಡ್ಡ ಹಿಡಿಯಬಾರದು. ಅದನ್ನು ತಡೆಯಲು ಇನ್ನೂ ಟೈಮ್ ಇದೆ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಅಮ್ಮನ ಕತ್ತೂ ಇದರಿಂದಲೇ ಇರಬಹುದು. ಕರೆದರೆ ಇಡೀ ಮೈ ತಿರುಗಿಸುತ್ತಾಳಲ್ಲ. ಬಸ್ ರಿವರ್ಸ್ ಬರ್ತಿದೆ, ದಾರಿ ಬಿಡ್ರಪ್ಪಾ ಅಂತ ಭಾವ ಅಂದರೆ ಎಲ್ಲರಿಗಿಂತ ಜೋರಾಗಿ ನಗುವುದು ಅವಳೇ. ಫ್ಲೋರೈಡ್ ಮೂಳೆಗೆ ಇಳಿದರೆ ಕೀಲು ಹೀಗೆ ಬಿಗಿಯುತ್ತವಂತೆ. ಗದ್ದ ಎದೆಗೆ ತಾಗಿಸಲು ಹೇಳು. ತಾಗದಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ನೀರಿನ ರೀಡಿಂಗ್ ಹೇಳು. ನಾವೆಲ್ಲ ಇದೇ ನೀರು ಕುಡಿದು ಬೆಳೆದಿಲ್ವಾ ಅಂತ ಅಮ್ಮ ಶುರು ಮಾಡಿದರೆ ಬಿಡಬೇಡ. ಆಗಿದ್ದು ಸರಿಹೋಗುತ್ತದೆ ಅಂತ ಗ್ಯಾರಂಟಿ ಇಲ್ಲ, ಆದರೆ ಇನ್ನೂ ಜಾಸ್ತಿಯಾಗದ ಹಾಗೆ ತಡೆಯಬಹುದು.

ನಾನು ಬಸ್ಸಿಗೆಂದು ನಿನ್ನ ಪ್ರೆಸ್ಸಿನ ನಲ್ಲಿಯಲ್ಲಿ ಇನ್ನೊಂದು ಬಾಟಲಿ ತುಂಬಿಸಿಕೊಂಡಿದ್ದೆನಲ್ಲ, ತಳದಲ್ಲಿ ಉಳಿದಿದ್ದ ಆ ನೀರನ್ನೂ ಟೆಸ್ಟ್ ಮಾಡಿದೆ. ಅದು ನದಿ ನೀರು, ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಪತ್ರ ಸಿಕ್ಕಿದ ದಿನದಿಂದ ಸಂಜೆ ಬರುವಾಗ ಒಂದು ಕ್ಯಾನ್ ತುಂಬಿಸಿ ತಾ. ಕುಡಿಯಲಿಕ್ಕೂ ಅಡುಗೆಗೂ ಅದೇ. ಕ್ರಿಮಿ ಸಾಯಲು ಒಂದು ಕುದಿ ಬಂದರೆ ಸಾಕು, ತಕ್ಷಣ ಒಲೆಯಿಂದ ಇಳಿಸು. ಇಲ್ಲಿ ಮೇಡಂ ಜೊತೆ ನಾನೊಂದು ಫಿಲ್ಟರ್ ಮಾಡಿದ್ದೇನೆ, ಬಕೆಟ್ ಮೇಲೆ ಬಕೆಟ್, ಮೇಲಿನದರಲ್ಲಿ ಅಲ್ಯೂಮಿನಾ ಅನ್ನುವ ಬಿಳಿ ಕಾಳು. ಬೋರ್‌ವೆಲ್ ನೀರು ಹಾಕಿದರೆ ಕೆಳಗೆ ಫ್ಲೋರೈಡ್ ಮೂರರಿಂದ ಮುಕ್ಕಾಲು ಮಿಲಿಗ್ರಾಂಗೆ ಇಳಿದು ಬಂತು. ಮನೇಲಿ ಕ್ಯಾಂಡಲ್ ಫಿಲ್ಟರ್ ಇದೆಯಲ್ಲ ಅನ್ನುತ್ತಾರೆ ಭಾವ, ನನಗೆ ಗೊತ್ತು. ಅದು ಹಿಡಿಯುವುದು ಮಣ್ಣನ್ನು, ಫ್ಲೋರೈಡನ್ನಲ್ಲ. ಈ ಕಾಳಿಗೂ ಕೆಲವು ತಿಂಗಳಲ್ಲಿ ಸುಸ್ತಾಗುತ್ತದೆ, ಅದಕ್ಕೆ ಸೋಸಿದ ನೀರನ್ನು ತಿಂಗಳಿಗೊಂದು ಬಾಟಲಿ ಟೆಸ್ಟ್ ಮಾಡಲು ನನಗೆ ಕಳಿಸುತ್ತಿರಬೇಕು. ಮುಂದಿನ ಶನಿವಾರ ಬಕೆಟ್ ಹೊತ್ತುಕೊಂಡು ಬರುತ್ತೇನೆ. ಅದಾದ ಸೋಮವಾರ ಕ್ಲಾಸ್ ಟೆಸ್ಟ್ ಇದೆ, ಟೆನ್ಷನ್ನೂ ಇದೆ. ಆದರೂ ಬರುತ್ತೇನೆ.

ನಿನ್ನ
ಬಾಲ

ತಾ.ಕ.: ಸೈನ್ಸ್ ಟೀಚರ್ ಹೇಳಿದ್ದು ಕಾಯಿಸಿದರೆ ಕ್ರಿಮಿ ಸಾಯುತ್ತವೆ ಅಂತ, ಅಷ್ಟೇ. ಹಲ್ಲಿನ ಕಲೆ, ಅರ್ಧಕ್ಕೆ ಇಳಿಸುವುದು, ಎಲ್ಲ ನಾನೇ ಸೇರಿಸಿದ್ದು. ಅವತ್ತು ನೀನು ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, ಇದಕ್ಕೂ ನಿನ್ನ ಹಲ್ಲೇ ಬಂದ್ರೆ ಏನೇ ಮಾಡೋದು ಅಂತ ಕೇಳಿದೆ. ಗೊತ್ತಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಈ ಸಲ ಹೇಳಿದ್ದನ್ನೆಲ್ಲ ಮೂರು ಮೂರು ಸಲ ಅಳೆದು ನೋಡಿದ್ದೇನೆ. ಕ್ಯಾನ್ ತರಲು ಶುರು ಮಾಡಿದೆಯಾ, ಇಲ್ಲವಾ, ಬೇಗ ಬರೆದು ತಿಳಿಸು.